ಉಸಿರು ಕೊಡುವುದು ಬಾಡಿಗೆಯದೇ ಇರಲಿ, ಮುಖಕ್ಕೆ ಅಂಟುವುದು ಸ್ವಂತದ್ದಾಗಲಿ

ನಮಸ್ಕಾರ. ಮಾಟುಂಗದ ನಮ್ಮ ಕನ್ನಡ ಬಳಗದಲ್ಲಿ ಯಾರಾದರೂ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲಲ್ಲಿ ಮುಳುಗುವ ಕೋರ್ಸ್ ಮುಗಿಸಿ ಬಂದರೆ, ವಾರ ಕಳೆಯುವಷ್ಟರಲ್ಲಿ ನನಗೆ ಫೋನ್ ಬರುತ್ತದೆ. ಮೊದಲು ಏನನ್ನು ಕೊಳ್ಳಬೇಕು ಎಂದು ಕೇಳುವ ಹೊತ್ತಿಗೆ ಅವರ ಮನಸ್ಸು ಆಗಲೇ ರೆಗ್ಯುಲೇಟರಿನ ಮೇಲೆ ನಿಂತಿರುತ್ತದೆ. ಉಸಿರೇ ಅದರಿಂದ ಬರುವಾಗ ಅದೊಂದಾದರೂ ಸ್ವಂತದ್ದಾಗಿರಲಿ ಎಂಬುದು ಅವರ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಮುಂಬಯಿಯಲ್ಲಿದ್ದುಕೊಂಡು ವರ್ಷಕ್ಕೆ ಎರಡು ಮೂರು ಸಲ ಗೋವಾಕ್ಕೋ ಮಾಲವಣಕ್ಕೋ ಹೋಗಿ ಮುಳುಗುವವರಿಗೆ ಈ ಲೆಕ್ಕ ತಿರುವುಮುರುವಾಗಿದೆ ಎಂಬುದು ನನ್ನ ಅಭಿಪ್ರಾಯ.

ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಎರಡು ಹಂತಗಳಲ್ಲಿ ಇಳಿಸಿ, ನಾವಿರುವ ಆಳದ ನೀರಿನ ಒತ್ತಡಕ್ಕೆ ಹೊಂದಿಸಿ ಬಾಯಿಗೆ ಕೊಡುವುದು ರೆಗ್ಯುಲೇಟರಿನ ಕೆಲಸ. ಅದರೊಳಗಿನ ರಬ್ಬರ್ ಉಂಗುರಗಳು, ತೆಳುವಾದ ಡಯಾಫ್ರಾಮು, ವಾಲ್ವಿನ ಸೀಟು, ಇವೆಲ್ಲ ಬಳಸದೆ ಇಟ್ಟರೂ ಹಳತಾಗುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಬೇಕೆನ್ನುತ್ತಾರೆ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ಯಾರನ್ನೂ ಇಳಿಯಲು ಬಿಡುವುದಿಲ್ಲ. ಅದೇ ನಾಲ್ಕು ತಿಂಗಳು ಮುಂಬಯಿಯ ಕಪಾಟಿನಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ನನ್ನ ಗೆಳೆಯರೊಬ್ಬರು ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ರೆಗ್ಯುಲೇಟರನ್ನು ಎರಡು ವರ್ಷ ಹಾಗೆಯೇ ಇಟ್ಟು, ಗ್ರ್ಯಾಂಡ್ ದ್ವೀಪದ ಬಳಿ ದೋಣಿಯಲ್ಲಿ ಸಿಲಿಂಡರಿಗೆ ಜೋಡಿಸಿದಾಗ, ಅದು ನಿಲ್ಲದೆ ಬುಸುಗುಟ್ಟತೊಡಗಿತು. ಕೊನೆಗೆ ಅವರು ಇಳಿದದ್ದು ದೋಣಿಯವರ ಬಾಡಿಗೆ ಸೆಟ್ಟಿನಲ್ಲೇ. ಸೀಸನ್ ಪೂರ್ತಿ ದಿನವೂ ನೀರು ಕಾಣುವ, ಕೆಟ್ಟರೆ ಅಂದೇ ತಿಳಿಯುವ ಉಪಕರಣವನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗೆಂದು ಬಾಡಿಗೆಯದನ್ನು ಕಣ್ಣುಮುಚ್ಚಿ ತೊಡಬಾರದು. ಸಿಲಿಂಡರಿನ ವಾಲ್ವ್ ತೆರೆಯುವ ಮೊದಲು ಬಾಯಿಗಿಟ್ಟು ಎಳೆದುನೋಡಿ. ಒಂದಿಷ್ಟೂ ಗಾಳಿ ಬರಬಾರದು, ಬಂದರೆ ಎಲ್ಲೋ ಸೋರಿಕೆಯಿದೆ. ತೆರೆದ ಮೇಲೆ ಒತ್ತಡದ ಮಾಪಕವನ್ನೇ ನೋಡುತ್ತ ನಾಲ್ಕು ದೀರ್ಘ ಉಸಿರು ತೆಗೆದುಕೊಳ್ಳಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಏಳುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲವೆಂದು ತಿಳಿಯಬಹುದು. ಗಾಳಿಗೆ ಎಣ್ಣೆಯ ವಾಸನೆಯಿದ್ದರೆ ಆ ಸಿಲಿಂಡರನ್ನೇ ಬದಲಿಸಲು ಹೇಳಿ, ಸಂಕೋಚ ಬೇಡ. ತೇಲುವ ಜಾಕೆಟ್ ಅಂದರೆ ಬಿಸಿಡಿಯನ್ನು ಪೂರ್ತಿ ಊದಿಸಿಟ್ಟು, ಹತ್ತು ನಿಮಿಷದಲ್ಲಿ ಸಡಿಲವಾಯಿತೇ ಎಂದು ಒತ್ತಿನೋಡಿ.

ಹಾಗಾದರೆ ಕೊಳ್ಳಬೇಕಾದದ್ದು ಮಾಸ್ಕ್, ಅಂದರೆ ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ. ಬಾಡಿಗೆ ಮಾಸ್ಕು ಎಲ್ಲರ ಮುಖಕ್ಕೂ ಆಗುವಂತೆ ಮಾಡಿದ್ದು, ಎಂದರೆ ಯಾರ ಮುಖಕ್ಕೂ ಸರಿಯಾಗಿ ಆಗದ್ದು. ನನಗೆ ಮೀಸೆಯೂ ಇದೆ, ಕನ್ನಡಕವೂ ಇದೆ. ಮೊದಲ ಸಲ ಮೂಗಿನ ಕೆಳಗೆ ಮೀಸೆಯ ಸಂದಿನಿಂದ ನೀರು ಜಿನುಗುತ್ತಿತ್ತು, ಮಾರ್ಗದರ್ಶಕರು ಬೆರಳು ತೋರಿಸಿದ ಮೀನು ನನಗೆ ಬರಿಯ ಹಳದಿ ಮಬ್ಬಾಗಿ ಕಂಡಿತು. ಈಗ ಪವರ್ ಇರುವ ಗಾಜು ಹಾಕಿಸಿದ ಮಾಸ್ಕ್ ನನ್ನ ಬಳಿಯಿದೆ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಡಿ. ಅದು ಬೀಳದೆ ನಿಂತರೆ ನಿಮ್ಮದೇ. ಹೊಸ ಗಾಜಿನ ಒಳಬದಿಯ ಪೊರೆ ಹೋಗುವಂತೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದನ್ನು ಮರೆತರೆ, ಮುಳುಗುವಷ್ಟು ಹೊತ್ತೂ ಮಂಜು ನೋಡಬೇಕಾಗುತ್ತದೆ.

ಕಾಲಿಗೆ ತೊಡುವ ಈಜುರೆಕ್ಕೆಗಳಾದ ಫಿನ್ಸ್, ತೂಕದ ಬೆಲ್ಟು, ಸಿಲಿಂಡರುಗಳನ್ನು ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಬಾಡಿಗೆ ವೆಟ್‌ಸೂಟಿನೊಳಗೆ ಹಿಂದಿನವರು ಏನು ಮಾಡಿದ್ದಾರೆಂಬುದರ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ; ಒಳಗೆ ಸ್ವಂತದ್ದೊಂದು ಲೈಕ್ರಾ ಅಂಗಿಯಿರಲಿ.

ಎರಡನೆಯ ಖರೀದಿ ಡೈವ್ ಕಂಪ್ಯೂಟರ್. ಅದು ಆಳ ಮತ್ತು ಸಮಯವನ್ನು ನೋಡಿ ನಿಮ್ಮ ಮೈಯಲ್ಲಿ ಸೇರಿರುವ ನೈಟ್ರೋಜನ್ನಿನ ಲೆಕ್ಕವನ್ನಿಡುತ್ತದೆ. ಬೆಳಿಗ್ಗೆ ಇನ್ನೊಬ್ಬರ ಕೈಯಲ್ಲಿ ಇಳಿದುಬಂದ ಕಂಪ್ಯೂಟರಿನಲ್ಲಿ ಮಧ್ಯಾಹ್ನ ಉಳಿದಿರುವುದು ಅವರ ಲೆಕ್ಕವೇ ಹೊರತು ನಿಮ್ಮದಲ್ಲ. ಮುಂಬಯಿಗರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಭಾನುವಾರ ಮುಳುಗಿ ಸಂಜೆಯ ವಿಮಾನ ಹತ್ತುವ ಆಸೆ ನಮ್ಮಲ್ಲಿ ಬಹಳ ಮಂದಿಗಿದೆ. ಸೇರಿದ ನೈಟ್ರೋಜನ್ ಮೈಯಿಂದ ಹೊರಹೋಗಲು ವಿಮಾನ ಹತ್ತುವ ಮೊದಲು, ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ನಾನಂತೂ ಮಡಗಾಂವದಿಂದ ಕೊಂಕಣ ಕನ್ಯಾ ರೈಲು ಹಿಡಿಯುತ್ತೇನೆ. ಮಾಸ್ಕು, ಕಂಪ್ಯೂಟರು ಎರಡೂ ಹೆಗಲ ಚೀಲದಲ್ಲೇ ಹಿಡಿಯುತ್ತವೆ.