ಮರೆವು ಬಂದವರಿಗೂ ಜೊತೆ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹೀಗೊಂದು ಸಂಗತಿ ಅಂದುಕೊಳ್ಳಿ. ಮಕ್ಕಳು ಪುಣೆಯಲ್ಲಿ, ಬೆಂಗಳೂರಿನಲ್ಲಿ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಆದ ಅಪ್ಪ ಬೆಳಗಾವಿಯ ಕೇರ್ ಹೋಂನಲ್ಲಿ. ಅವ್ವ ಟಿಳಕವಾಡಿಯ ಮನೆಯಲ್ಲಿ. ಮಗ ನೋಡಲು ಬಂದರೆ ಅಪ್ಪ ಯಾವುದೋ ಅಜ್ಜಿಯ ಕೈ ಹಿಡಿದು ಕೂತಿದ್ದಾರೆ. ಮಗನ ಹೆಸರು ನೆನಪಿಲ್ಲ, ಆದರೆ ಆ ಅಜ್ಜಿ ಬರದಿದ್ದರೆ ಊಟ ಬೇಡ. "ಇವರಿಬ್ಬರನ್ನೂ ಬೇರೆ ಬೇರೆ ಇಡಿ" ಅಂತ ಮಗ ರೇಗುತ್ತಾನೆ. ರೇಗುವುದು ಸಹಜ, ಅಲ್ವಾ?

ಆದರೆ ಈ ಕಾಯಿಲೆಯಲ್ಲಿ ನೆನಪು ಅಳಿದರೂ ಪ್ರೀತಿಯ ಹಸಿವು ಬಹಳ ಕಾಲ ಉಳಿಯುತ್ತದೆ. ಕೆಲವರು ಎದುರಿಗಿದ್ದವರನ್ನೇ ತಮ್ಮ ಹೆಂಡತಿ ಅಂದುಕೊಳ್ಳುತ್ತಾರೆ. ಕೆಲವರಿಗೆ ಪಕ್ಕದಲ್ಲಿ ಯಾರಾದರೂ ಇದ್ದರೆ ಸಾಕು. ಮೆದುಳಿನ ಮುಂಭಾಗ ಸವೆದಾಗ ಸಂಕೋಚವೂ ಹೋಗುತ್ತದೆ. ಅದು ರೋಗ, ನಡತೆಗೇಡಿತನವಲ್ಲ.

ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಬಂದ ಗಂಡನಿಗಾಗಿ 2006ರಲ್ಲಿ ಹುದ್ದೆ ಬಿಟ್ಟರು. ಮರುವರ್ಷ ಅವರ ಮಗನೇ ಟಿವಿಯಲ್ಲಿ ಹೇಳಿದ್ದು: ಫೀನಿಕ್ಸ್‌ನ ಆರೈಕೆ ಕೇಂದ್ರದಲ್ಲಿ ಅಪ್ಪನಿಗೆ ಇನ್ನೊಬ್ಬ ಮಹಿಳೆಯ ಮೇಲೆ ಮನಸ್ಸಾಗಿದೆ, ಕುಗ್ಗಿಹೋಗಿದ್ದವರು ಈಗ ನಿರಾಳವಾಗಿದ್ದಾರೆ, ಅಮ್ಮನಿಗೂ ಅದು ಖುಷಿಯೇ. ಎಲ್ಲ ಹೆಂಡಂದಿರಿಗೂ ಇದು ಆಗುವ ಮಾತಲ್ಲ. "ಇದು ಕಾಯಿಲೆ, ಬೇಜಾರಾಗಬೇಡ" ಅಂತ ಅವ್ವನಿಗೆ ಬುದ್ಧಿ ಹೇಳಬೇಡಿ. ಅವಳು ಅಳಲಿ, ಬೈಯಲಿ, ನೋಡಲು ಬರುವುದಿಲ್ಲ ಅಂದರೂ ಬಿಡಿ.

ನನಗೆ ಹೆಚ್ಚು ಚಿಂತೆ ಆ ಅಜ್ಜಿಯದು. ಗಂಡಸಾದರೆ "ಅಜ್ಜ ರಸಿಕ" ಅಂತ ನಗುತ್ತೇವೆ, ಹೆಂಗಸಾದರೆ ಮನೆತನದ ಮರ್ಯಾದೆ ಎತ್ತುತ್ತೇವೆ. ಅವಳಿಗೆ ಇಷ್ಟ ಇದೆಯೋ ಇಲ್ಲವೋ, ಅದನ್ನು ಮಾತ್ರ ಯಾರೂ ನೋಡುವುದಿಲ್ಲ. ಮಾತು ನಿಂತವರಲ್ಲೂ ಇದು ತಿಳಿಯುತ್ತದೆ. ತಾನಾಗಿ ಕೈ ಚಾಚುತ್ತಾಳಾ, ಮುಖ ಅರಳುತ್ತದಾ? ಇಲ್ಲಾ ಮೈ ಬಿಗಿ ಮಾಡುತ್ತಾಳಾ, ಆಮೇಲೆ ಅಳುತ್ತಾಳಾ, ನಿದ್ದೆಗೆಡುತ್ತಾಳಾ? ನಿನ್ನೆ ಒಪ್ಪಿದ್ದು ಇವತ್ತಿನ ಒಪ್ಪಿಗೆಯಲ್ಲ. ಒಬ್ಬರ ಕಾಯಿಲೆ ತೀರಾ ಮುಂದುವರಿದಿದ್ದರೆ, ಕೈ ಹಿಡಿಯುವುದನ್ನು ಮೀರಿದ್ದಕ್ಕೆ ಸಿಬ್ಬಂದಿ ಅಡ್ಡ ಬರಲೇಬೇಕು. ಹಾಗಂತ ಗದರಬೇಕಾಗಿಲ್ಲ. ಚಹಾಕ್ಕೆ ಕರೆದರೆ ಎಷ್ಟೋ ಸಲ ಎದ್ದು ಬರುತ್ತಾರೆ.

ನ್ಯೂಯಾರ್ಕಿನ ರಿವರ್‌ಡೇಲ್‌ನಲ್ಲಿರುವ ಹೀಬ್ರೂ ಹೋಂ ಎಂಬ ವೃದ್ಧರ ಮನೆ 1995ರಲ್ಲೇ ಇಂಥ ಸಂಬಂಧಗಳಿಗೆಂದು ಲಿಖಿತ ನಿಯಮ ಮಾಡಿತು. ನಾವು ಸೇರಿಸುವಾಗ ಶುಗರ್ ಮಾತ್ರೆ, ಡಯಾಪರ್, ಶುಲ್ಕ ಇಷ್ಟನ್ನೇ ವಿಚಾರಿಸುತ್ತೇವೆ. ಇಂಥದ್ದು ನಡೆದರೆ ಏನು ಮಾಡುತ್ತೀರಿ, ಮೊದಲು ಯಾರಿಗೆ ತಿಳಿಸುತ್ತೀರಿ ಅಂತ ಅಲ್ಲೇ ಕೇಳಿಬಿಡಿ. ಉತ್ತರಕ್ಕೆ ತಡವರಿಸಿದರೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತಲಾದರೂ ಕೇಳಿ.

ನಮಸ್ಕಾರ.