ತೋಳು ಎತ್ತಿ, ದಿನವೂ ಎತ್ತಿ

ಕೇಳುಗರಿಗೆ ನಮಸ್ಕಾರ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆದವರಿಗೂ ಅವರ ಮನೆಯವರಿಗೂ ನನ್ನದು ಒಂದೇ ಮಾತು: ಆ ಕಡೆಯ ತೋಳನ್ನು ಎತ್ತಿ, ದಿನವೂ ಎತ್ತಿ.

ಹೊಲಿಗೆ ಬಿಚ್ಚೀತು ಅನ್ನೋ ಭಯಕ್ಕೆ ಕೈಯನ್ನು ಮೈಗಂಟಿಸಿಕೊಂಡೇ ಓಡಾಡುವ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಇಂಥವರು ಬಹಳ ಮಂದಿ. 'ನೀನು ಕೈ ಅಲ್ಲಾಡಿಸಲೇಬೇಡ' ಎಂದು ಮನೆಯವರೇ ತಲೆ ಬಾಚುತ್ತಾರೆ, ರವಿಕೆ ತೊಡಿಸುತ್ತಾರೆ. ಗಾಯ ಚೆನ್ನಾಗಿಯೇ ಮಾಯುತ್ತದೆ. ಆದರೆ ರೇಡಿಯೇಷನ್‌ಗೆ ಮಲಗಿಸಿ 'ಕೈ ತಲೆಯ ಮೇಲಿಡಿ' ಎಂದಾಗ ತೋಳು ಭುಜದ ಮಟ್ಟಕ್ಕೇ ನಿಂತುಬಿಡುತ್ತದೆ. ಕಂಕುಳಿಂದ ಮೊಣಕೈಯವರೆಗೆ ಚರ್ಮದಡಿ ತಂತಿಯಂಥ ಎಳೆಗಳು ಬಿಗಿದು ನಿಂತಿರುತ್ತವೆ. ಅವನ್ನು ಕಂಡು ಹೆದರಿ ಕೈಯನ್ನು ಇನ್ನಷ್ಟು ಮುದುಡಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಮೆಲ್ಲಗೆ ಎಳೆಸಿಕೊಂಡರೆ ಆ ಎಳೆಗಳು ಸಡಿಲವಾಗುತ್ತವೆ.

ಆಪರೇಷನ್‌ನ ಮರುದಿನವೇ ಮುಷ್ಟಿ ಬಿಗಿದು ಬಿಡಿ, ಮೊಣಕೈ ಮಡಿಸಿ ಚಾಚಿ. ಗಾಯದೊಳಗಿನ ನೀರು ಹೊರಹೋಗಲು ಇಟ್ಟ ಡ್ರೈನ್ ನಳಿಕೆ ತೆಗೆಯುವವರೆಗೆ ತೋಳು ಭುಜದ ಮಟ್ಟ ದಾಟದಿರಲಿ. ತೆಗೆದ ಮೇಲೆ, ಡಾಕ್ಟರು ಹೂಂ ಎಂದೊಡನೆ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಹರಿದಾಡಿಸುತ್ತ ಮೇಲೇರಿಸಿ. ಎಳೆತ ಬಂದಲ್ಲಿ ನಿಲ್ಲಿಸಿ, ಐದು ಸಲ ಉಸಿರಾಡಿ, ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಹೀಗೆ ಐದರಿಂದ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಭುಜ ಕಿವಿಯತ್ತ ಏರಿದರೆ ಲೆಕ್ಕಕ್ಕಿಲ್ಲ, ಏರಬೇಕಾದ್ದು ತೋಳು. ಎಳೆತ ಇರಲಿ, ಚುಚ್ಚುವ ನೋವು ಬೇಡ.

'ರೇಡಿಯೇಷನ್ ಮುಗಿಯಿತಲ್ಲ, ಇನ್ಯಾಕೆ?' ಅನ್ನುತ್ತಾರೆ. ಯಾಕೆಂದರೆ ಅದು ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಎದೆಯ ಚರ್ಮ, ಸ್ನಾಯು ಒಳಗೊಳಗೇ ಬಿಗಿಯುತ್ತಾ ಹೋಗುತ್ತವೆ. ಆದ್ದರಿಂದ ಆಗಲೂ ಎತ್ತಿ, ದಿನವೂ ಎತ್ತಿ.

ಸಮಯ ಕಡಿಮೆ ಇದೆ, ಬಾವಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಂಕುಳಿನ ದುಗ್ಧಗ್ರಂಥಿ, ಅಂದರೆ ಲಿಂಫ್ ಗಂಟು, ತೆಗೆದವರಲ್ಲಿ, ಎಷ್ಟೋ ವರ್ಷದ ನಂತರವೂ ನೀರು ನಿಂತು ಕೈ ಊದಬಹುದು. ಉಂಗುರ ಬಿಗಿಯಾಯಿತೇ, ಕೈ ಭಾರ ಅನಿಸಿತೇ, ಟೇಪಿನಿಂದ ಎರಡೂ ತೋಳನ್ನು ಒಂದೇ ಜಾಗದಲ್ಲಿ ಅಳೆಯಿರಿ. ಮೊದಲಿಲ್ಲದ 2 ಸೆಂಟಿಮೀಟರ್ ವ್ಯತ್ಯಾಸ ಕಂಡರೆ ತೋರಿಸಿ, ತೋಳನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ, ಅಂದರೆ ಕಂಪ್ರೆಷನ್ ಸ್ಲೀವ್, ಅಳತೆ ಕೊಟ್ಟು ಹಾಕಿಸಿಕೊಳ್ಳಿ. ಭಾರ ಎತ್ತಲೇಬಾರದು ಅನ್ನೋದು ಹಳೆಯ ಮಾತು. ಅರ್ಧ ಕಿಲೋದಿಂದ ಶುರುಮಾಡಿ ನಿಧಾನವಾಗಿ ಏರಿಸಿ. ತೋಳಿನ ಒಳಭಾಗ ಮರಗಟ್ಟಿದ್ದರೆ ಬಿಸಿನೀರಿನ ಹದವನ್ನು ಇನ್ನೊಂದು ಕೈಯಿಂದ ನೋಡಿ. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ನಾಳೆಗೆ ಮುಂದೂಡಬೇಡಿ. ಅದು ಸೋಂಕು, ಅವತ್ತೇ ಆಂಟಿಬಯಾಟಿಕ್ ಶುರುವಾಗಬೇಕು.