ಅಪಶಕುನದ ಸೀನು, ಗೂಢಚಾರಿಯ ಧಾಟಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಕಲಬುರಗಿ ಕಡೆ ಯಾರಾದರೂ ಹೊಸ್ತಿಲು ದಾಟುವಾಗ ಒಂಟಿ ಸೀನು ಬಂದರೆ ಸಾಕು, 'ಸ್ವಲ್ಪ ಕೂತು, ನೀರು ಕುಡಿದು ಹೋಗಪ್ಪಾ' ಅಂತ ಹಿರಿಯರು ತಡೆಯುತ್ತಾರೆ. ಜೇಮ್ಸ್ ಬಾಂಡ್ ಸಿನಿಮಾ ಶುರುವಾದ ಕೂಡಲೇ ಒಂದು ಗಿಟಾರ್ ಧಾಟಿ ಬರುತ್ತಲ್ಲ, ಅದರ ಬೇರೂ ಇಂಥದ್ದೇ ಒಂದು ಅಪಶಕುನದ ಸೀನಿನಲ್ಲಿದೆ!

ಲಂಡನ್ನಿನ ಸಂಗೀತಗಾರ ಮಾಂಟಿ ನಾರ್ಮನ್ ಅವರು ವಿ.ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ಸಂಗೀತ ನಾಟಕ ಮಾಡಲು ಹೊರಟಿದ್ದರು. ಟ್ರಿನಿಡಾಡ್‌ನಲ್ಲಿ ನೆಲೆಸಿದ ಭಾರತೀಯ ಕುಟುಂಬದ ಕಥೆ ಅದು. ಮಗು ಹುಟ್ಟಿದ ಕೂಡಲೇ ಪಂಡಿತರು ಬಂದು, ಇವನ ಸೀನು ಒಳ್ಳೆಯದಲ್ಲ ಅಂತ ಹೇಳಿ ಹೋಗುತ್ತಾರೆ. ಆ ಸೀನಿನ ಮೇಲೆ ನಾರ್ಮನ್ ಭಾರತೀಯ ಛಾಯೆಯ ಒಂದು ಹಾಡು ಕಟ್ಟಿದರು. ನಾಟಕ ರಂಗಕ್ಕೆ ಬರಲೇ ಇಲ್ಲ, ಹಾಡು ಮೂಲೆ ಸೇರಿತು. 1962ರ 'ಡಾಕ್ಟರ್ ನೋ' ಚಿತ್ರದ ಕೆಲಸ ಬಂದಾಗ ಅದನ್ನೇ ಹೊರಗೆ ತೆಗೆದರು. ಉದ್ದುದ್ದ ಸ್ವರಗಳನ್ನು ತುಂಡು ತುಂಡು ಮಾಡಿದರು. ವಾದ್ಯಗಳನ್ನು ಹೊಂದಿಸಿ ಅದಕ್ಕೆ ಅಬ್ಬರ ಕೊಟ್ಟವರು ಜಾನ್ ಬ್ಯಾರಿ. ಧಾಟಿ ನಾರ್ಮನ್ನರದಲ್ಲ ಅಂತ ಬರೆದ ಪತ್ರಿಕೆಯೊಂದರ ಮೇಲೆ ಅವರು ಕೇಸ್ ಹಾಕಿ, 2001ರಲ್ಲಿ ಗೆದ್ದರು. ನನಗಂತೂ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಅದು ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಅನಿಸುತ್ತದೆ.

ಮನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ಇದ್ದರೆ ಒಮ್ಮೆ ನುಡಿಸಿ ನೋಡಿ. 'ಬಿಳಿ ಒಂದು' ಅನ್ನುವ ಮನೆಯನ್ನು, ಅಂದರೆ ಇಂಗ್ಲಿಷಿನ C ಸ್ವರವನ್ನು, ಷಡ್ಜ ('ಸ') ಮಾಡಿಕೊಳ್ಳಿ. ಪಂಚಮ ('ಪ') ಒತ್ತಿ, ಅದು ಬಿಳಿ. ಆಮೇಲೆ ಪಕ್ಕದ ಕರಿ, ಕೋಮಲ ಧೈವತ, ಅಂದರೆ ತಗ್ಗಿಸಿದ 'ದ'. ಅದರ ಪಕ್ಕದ ಬಿಳಿ, ಶುದ್ಧ ಧೈವತ. ಮತ್ತೆ ವಾಪಸ್ ಕರಿಗೆ. ಅಷ್ಟೇ! ಸುಮ್ನೆ ಅದನ್ನೇ ತಿರುಗಿಸುತ್ತಾ ಇರಿ. ಕತ್ತಲಲ್ಲಿ ಯಾರೋ ಗೋಡೆ ಸವರಿಕೊಂಡು ಬರುತ್ತಿರುವ ಹಾಗೆ ಆಗುತ್ತದೆ, ಅಲ್ವಾ? ನಮ್ಮ ಭಜನೆಯವರು ಸಾಮಾನ್ಯವಾಗಿ ಒಂದು ಧೈವತ ಹಿಡಿದರೆ ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಇಲ್ಲಿ ಎರಡನ್ನೂ ಪಕ್ಕಪಕ್ಕದಲ್ಲೇ ಉಜ್ಜುತ್ತಾರೆ. ಮನುಷ್ಯ ನಂಬುವವನೋ ಅಲ್ಲವೋ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಕೊನೆಗೆ ಗಿಟಾರಿನಲ್ಲಿ ಕೋಮಲ ಗಾಂಧಾರ, ಶುದ್ಧ ನಿಷಾದ ಎರಡನ್ನೂ ಒಟ್ಟಿಗೆ ಮೀಟಿ ಬಿಟ್ಟುಬಿಡುತ್ತಾರೆ. ಮುಗಿಯಿತು ಅಂತಲೂ ಅನಿಸುವುದಿಲ್ಲ, ಮುಗಿಯಲಿಲ್ಲ ಅಂತಲೂ ಅನಿಸುವುದಿಲ್ಲ.

ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. ದಪ್ಪ ತಂತಿಗಳನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಹತ್ತಿರ ಬಲವಾಗಿ ಮೀಟಿದ್ದರು. ಧ್ವನಿ ಹಿಡಿಯುವ ಪಿಕಪ್ ತಂತಿಗೆ ಇನ್ನೂ ಹತ್ತಿರ ಬರಲಿ ಅಂತ ಅದರ ಅಡಿಗೆ ಸಿಗರೇಟು ಪ್ಯಾಕೆಟ್ಟನ್ನು ಮಡಚಿ ತುರುಕಿದ್ದರಂತೆ. ಆ ಒರಟು ದನಿ ಬಂದಿದ್ದು ಹಾಗೆ.

ಹಾಡುಗಳ ಮಾತಿಗೆ ಬಂದರೆ, 1964ರ 'ಗೋಲ್ಡ್‌ಫಿಂಗರ್'ನಲ್ಲಿ ಶರ್ಲಿ ಬ್ಯಾಸಿ ಗಂಟಲು ಬಿಚ್ಚಿ ಹಾಡುವುದು ನಾಯಕನನ್ನಲ್ಲ, ಖಳನಾಯಕನನ್ನು. ನಮ್ಮಲ್ಲಿ ಹೀರೋ ಬರುವಾಗ ಹಾಡು ಹಾಕುತ್ತೇವೆ. ಅವರು ಚಿನ್ನದ ಹುಚ್ಚಿನ ದುಷ್ಟನಿಗೆ ಹಾಡು ಕಟ್ಟಿದರು. ಧೈರ್ಯ ಬೇಕು ಬಿಡಿ.

ತಬಲಾದವರಿಗೆ ಒಂದು ಮಾತು. 1966ರ ಅಮೆರಿಕದ ಟಿವಿ ಧಾರಾವಾಹಿ 'ಮಿಷನ್ ಇಂಪಾಸಿಬಲ್'ಗೆ ಲಾಲೋ ಶಿಫ್ರಿನ್ ಮಾಡಿದ ಧಾಟಿಯಲ್ಲಿ 10 ಮಾತ್ರೆ, ಅಂದರೆ ಎಣಿಕೆಯ ಪೆಟ್ಟು ಬರುತ್ತವೆ. ನಮ್ಮ ಝಪ್‌ತಾಳದಲ್ಲೂ 10. ಆದರೆ ನಮ್ಮದು 2-3-2-3, ಅವರದ್ದು 3-3-2-2. ಝಪ್‌ತಾಳ ಹಾಕಿಕೊಂಡು ಅದನ್ನು ಗುನುಗಿದರೆ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋಗುತ್ತದೆ.

ಇನ್ನು ನಮ್ಮ ಕನ್ನಡ ಸಿನಿಮಾದ ಗೂಢಚಾರಿ, ರಾಜ್‌ಕುಮಾರ್ ಮಾಡಿದ ಸಿಐಡಿ 999. 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ದೊರೈ–ಭಗವಾನ್ ಜೋಡಿಯ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಬಾಂಡ್ ಕೋಟು ತೊಟ್ಟು ಪಿಸ್ತೂಲು ಹಿಡಿಯುತ್ತಾನೆ, ಹಾಡುವ ಕೆಲಸ ಬೇರೆಯವರದ್ದು. ನಮ್ಮ ರಾಜ್‌ಕುಮಾರ್ ಹಾಗಲ್ಲ, ಡೈಮಂಡ್ ರಾಕೆಟ್‌ನಲ್ಲಿ ಪಿಸ್ತೂಲನ್ನೂ ಹಿಡಿದರು, ತಾವೇ ಹಾಡಿದರು, ಅದೂ ಇಂಗ್ಲಿಷ್‌ನಲ್ಲಿ. 'ಇಫ್ ಯು ಕಮ್ ಟುಡೇ' ಹಾಡು ಬಂದಾಗ ಇಂಗ್ಲಿಷ್ ಬಾರದವರೂ ಧೈರ್ಯವಾಗಿ ದನಿಗೂಡಿಸುತ್ತಾರೆ. ಈಗ ಅದನ್ನೇ ಹಾಕುತ್ತಿದ್ದೇವೆ, ಕೇಳಿ. ನಮಸ್ಕಾರ.